ಅಡವಿಟ್ಟ ಆತ್ಮಗಳ ಪ್ರಣಯ: 'ಡಾರ್ಕ್ ಹಂಟರ್' ಕಾದಂಬರಿ ಸರಣಿ

ಮೋಸಕ್ಕೆ ಬಲಿಯಾದ ಯೋಧನೊಬ್ಬ ಪ್ರಾಣ ಬಿಡುವ ಗಳಿಗೆಯಲ್ಲಿ ಅವನ ಆತ್ಮ ಇಡುವ ಮೊರೆ ಗ್ರೀಕ್ ದೇವತೆಗಳ ನೆಲೆಯಾದ ಒಲಿಂಪಸ್‌ವರೆಗೂ ಮುಟ್ಟುತ್ತದೆ, ಅದನ್ನು ಕೇಳಿದ ಬೇಟೆಯ ದೇವತೆ ಆರ್ಟೆಮಿಸ್ ಅವನ ಬಳಿಗೆ ಬಂದು ಒಂದು ಕರಾರನ್ನು ಮುಂದಿಡುತ್ತಾಳೆ. ಆತ್ಮವನ್ನು ತನಗೆ ಒಪ್ಪಿಸಿದರೆ ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು 24 ಗಂಟೆಗಳ ಅವಕಾಶ ಕೊಡುತ್ತಾಳೆ. ಆಮೇಲೆ ಅವನು ಕೊನೆಯಿಲ್ಲದ ಕಾಲ ಅವಳ ಸೈನ್ಯದಲ್ಲಿ ದುಡಿಯಬೇಕು. ಅಮೆರಿಕದ ಲೇಖಕಿ ಶೆರಿಲಿನ್ ಕೆನ್ಯನ್ 2002ರಲ್ಲಿ ಆರಂಭಿಸಿದ 'ಡಾರ್ಕ್ ಹಂಟರ್' ಸರಣಿಯ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಈ ಒಂದು ಕರಾರಿನ ಮೇಲೆ ನಿಂತಿವೆ. ಪ್ಯಾರಾನಾರ್ಮಲ್ ರೊಮಾನ್ಸ್ ಎಂದು ಕರೆಸಿಕೊಳ್ಳುವ ಅತಿಮಾನುಷ ಪ್ರಣಯದ ಪ್ರಕಾರದಲ್ಲಿ ಗ್ರೀಕ್ ಪುರಾಣವನ್ನು ಬಳಸಿಕೊಂಡ ಕೃತಿಗಳಿಗೆ ಕೊರತೆಯಿಲ್ಲವಾದರೂ, ಆ ಪುರಾಣದಿಂದ ದೇವತೆಗಳ ಹೆಸರುಗಳನ್ನಷ್ಟೇ ಅಲ್ಲದೆ ಶಾಪದ ತರ್ಕವನ್ನೂ ಎರವಲು ಪಡೆದವು ಕಡಿಮೆ. ಈ ಸರಣಿಯ ಮೊದಲ ಕೆಲವು ಪುಸ್ತಕಗಳು ಆ ಕಡಿಮೆಯವುಗಳ ಸಾಲಿಗೆ ಸೇರುತ್ತವೆ.

ಕರಾರಿಗೆ ಒಪ್ಪಿ 'ಡಾರ್ಕ್ ಹಂಟರ್', ಅಂದರೆ ಕತ್ತಲ ಬೇಟೆಗಾರ, ಆದವನಿಗೆ ಅಮರತ್ವ ದೊರೆಯುತ್ತದೆ, ಕೋರೆಹಲ್ಲು ಮೂಡುತ್ತದೆ, ಕಣ್ಣುಗಳು ಕಪ್ಪಾಗುತ್ತವೆ, ಮೈಮೇಲೆ ಬಿಲ್ಲುಬಾಣದ ಮುದ್ರೆ ಬೀಳುತ್ತದೆ, ಚಿನ್ನದ ರೂಪದ ಸಂಬಳವೂ ಸಲ್ಲುತ್ತದೆ. ಬಿಸಿಲು ಮಾತ್ರ ನಿಷಿದ್ಧ, ಸಂಸಾರವೂ ನಿಷಿದ್ಧ. ಇಬ್ಬರು ಬೇಟೆಗಾರರು ಒಂದೆಡೆ ಹೆಚ್ಚು ಹೊತ್ತು ನಿಂತರೆ ಇಬ್ಬರ ಶಕ್ತಿಯೂ ಸೋರಿಹೋಗುತ್ತದೆ, ಹಾಗಾಗಿ ಸಾವಿರಾರು ವರ್ಷಗಳ ಆಯುಷ್ಯದಲ್ಲಿ ಗೆಳೆತನಕ್ಕೂ ಬರ. ಇವರ ಎದುರಾಳಿಗಳೂ ಶಾಪಗ್ರಸ್ತರೇ. ಆರ್ಟೆಮಿಸಳ ಅವಳಿ ಸೋದರನಾದ ಅಪೊಲೊ ದೇವತೆ ಸೃಷ್ಟಿಸಿದ ಅಪೊಲೈಟ್ ಎಂಬ ಜನಾಂಗದ ರಾಣಿಯೊಬ್ಬಳು ಅಸೂಯೆಯಿಂದ ಅವನ ಪ್ರೇಯಸಿಯನ್ನೂ ಮಗುವನ್ನೂ ಕೊಲ್ಲಿಸುತ್ತಾಳೆ, ಅದಕ್ಕಾಗಿ ಅವನು ಇಡೀ ಕುಲಕ್ಕೆ ಶಾಪ ಕೊಡುತ್ತಾನೆ: ಹಗಲಿನಲ್ಲಿ ಹೊರಗೆ ಕಾಲಿಡಕೂಡದು, ಒಬ್ಬರ ರಕ್ತವನ್ನೊಬ್ಬರು ಕುಡಿದು ಬದುಕಬೇಕು, 27ನೇ ಹುಟ್ಟುಹಬ್ಬದ ದಿನ ಗಂಟೆ ಗಂಟೆಗೂ ಕೊಳೆಯುತ್ತ ಸಾಯಬೇಕು. ಹಾಗೆ ಸಾಯಲೊಲ್ಲದೆ ಮನುಷ್ಯರ ಆತ್ಮಗಳನ್ನು ಕದ್ದು ಆಯುಷ್ಯ ಹಿಗ್ಗಿಸಿಕೊಂಡವರೇ ಡೈಮನ್‌ಗಳು. ಕದ್ದ ಆತ್ಮ ಅವರ ದೇಹದಲ್ಲಿ ನಂದಿಹೋಗುವುದರೊಳಗೆ ಬೇಟೆಗಾರ ಅವರನ್ನು ಕೊಂದರೆ ಅದು ಬಿಡುಗಡೆಯಾಗುತ್ತದೆ. ತನ್ನ ಆತ್ಮವನ್ನು ಅಡವಿಟ್ಟವನು ಅಪರಿಚಿತರ ಆತ್ಮಗಳನ್ನು ಬಿಡಿಸುತ್ತ ರಾತ್ರಿಗಳನ್ನು ಕಳೆಯುವ ಈ ಏರ್ಪಾಡಿನಲ್ಲಿ ಒಂದು ಕಹಿ ವಿನೋದವಿದೆ, ಲೇಖಕಿಗೆ ಅದರ ಅರಿವೂ ಇದೆ.

ನನ್ನ ಮಟ್ಟಿಗೆ ಈ ಸರಣಿಯ ಬಲ ಅದರ ನಾಯಕರಲ್ಲಿಲ್ಲ. ಆರಡಿ ಮೀರಿದ ಎತ್ತರ, ಕಪ್ಪು ಚರ್ಮದ ಉಡುಪು, ಒಳಗೊಂದು ಹಳೆಯ ಗಾಯ, ಮೇಲೊಂದು ಒರಟುತನ ಇಷ್ಟನ್ನು ಕಲಸಿದರೆ ಅವರಲ್ಲಿ ಮುಕ್ಕಾಲು ಮಂದಿ ತಯಾರಾಗುತ್ತಾರೆ. ಬಲವಿರುವುದು ಕರಾರಿನಲ್ಲಿ. ಪ್ರೀತಿ ಆ ಕರಾರಿನ ಷರತ್ತುಗಳಿಗೆ ತಲೆಬಾಗಿ, ಅದರ ಬೆಲೆಯನ್ನು ಪೂರ್ತಿ ತೆತ್ತು ಹೊರಗೆ ಬಂದ ಪುಸ್ತಕಗಳು ಇಂದಿಗೂ ಓದಿಸಿಕೊಳ್ಳುತ್ತವೆ; ಯಾವುದೋ ದೇವತೆ ಕೈಯಾಡಿಸಿ ಬೆಲೆಯನ್ನು ಮನ್ನಾ ಮಾಡಿದ ಪುಸ್ತಕಗಳು ಎಷ್ಟೇ ಗದ್ದಲ ಮಾಡಿದರೂ ಟೊಳ್ಳಾಗಿ ಉಳಿಯುತ್ತವೆ.

2002ರಲ್ಲೇ ಬಂದ 'ನೈಟ್ ಪ್ಲೆಶರ್ಸ್' ಮೊದಲ ಬಗೆಯದು. ರೋಮನ್ನರ ವಿರುದ್ಧ ಹೋರಾಡಿದ ಥ್ರೇಸ್‌ನ ಸೇನಾನಿ ಕಿರಿಯನ್, ಹೆಂಡತಿಯೇ ಹಿಡಿದುಕೊಟ್ಟಿದ್ದರಿಂದ ಶಿಲುಬೆಗೇರಿ ಸತ್ತವನು. ಎರಡು ಸಾವಿರ ವರ್ಷಗಳ ನಂತರ, ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಡೈಮನ್ ಒಬ್ಬನ ಕುತಂತ್ರದಿಂದ ಅವನೂ ಅಮಾಂಡಾ ಎಂಬ ಲೆಕ್ಕಪತ್ರಗಾರ್ತಿಯೂ ಒಂದೇ ಕೈಕೋಳದಲ್ಲಿ ಸಿಲುಕುತ್ತಾರೆ. ಅತೀಂದ್ರಿಯ ಶಕ್ತಿಗಳ ಗೀಳು ಹತ್ತಿದ ಮನೆತನದಲ್ಲಿ ಹುಟ್ಟಿ, ಸಾಧಾರಣ ಬದುಕೊಂದನ್ನೇ ಬಯಸುವ ಅವಳ ಪಾತ್ರ ಕಥೆಯ ಮೊದಲರ್ಧವನ್ನು ಹಗುರಾಗಿ ನಡೆಸುತ್ತದೆ. ಆದರೆ ಪುಸ್ತಕವನ್ನು ನೆನಪಿನಲ್ಲಿ ಉಳಿಸುವುದು ಆತ್ಮವನ್ನು ಮರಳಿ ಪಡೆಯುವ ವಿಧಿ. ಬೇಟೆಗಾರನ ಆತ್ಮ ಒಂದು ಕಲ್ಲಿನ ಪದಕದಲ್ಲಿ ಅಡಗಿದೆ. ಅವನ ಎದೆಬಡಿತ ನಿಂತ ಕ್ಷಣದಲ್ಲಿ ಪ್ರೀತಿಸಿದವಳು ಆ ಪದಕವನ್ನು ಬರಿಗೈಯಲ್ಲಿ ಹಿಡಿದು ಬಿಲ್ಲುಬಾಣದ ಮುದ್ರೆಯ ಮೇಲೆ ಒತ್ತಬೇಕು. ಪದಕ ಲಾವಾರಸದಂತೆ ಸುಡುತ್ತದೆ. ನೋವು ತಾಳಲಾರದೆ ಕೈಬಿಟ್ಟರೆ ಅವನು ದೇಹವೂ ಇಲ್ಲದ, ಹಸಿವು ಬಾಯಾರಿಕೆಗಳೂ ತೀರದ ನೆರಳಾಗಿ ಕೊನೆಯಿಲ್ಲದ ಕಾಲ ಅಲೆಯಬೇಕು. ನಂಬಿದವಳ ಕೈಯಿಂದಲೇ ಕೆಟ್ಟವನು ಮತ್ತೊಮ್ಮೆ ಹೆಣ್ಣೊಬ್ಬಳ ಕೈಯಲ್ಲಿ ತನ್ನನ್ನು ಪೂರ್ತಿಯಾಗಿ ಒಪ್ಪಿಸಬೇಕಾದ ಈ ಸನ್ನಿವೇಶದಲ್ಲಿ ಪ್ರೇಮದ ಮಾತುಗಳಿಗೆ ಎಡೆಯೇ ಇಲ್ಲ. ಸುಡುವ ಅಂಗೈಯೇ ಎಲ್ಲವನ್ನೂ ಹೇಳಿ ಮುಗಿಸುತ್ತದೆ.

ಈ ಕಲ್ಪನೆಗೆ ಹಳೆಯ ಬೇರುಗಳಿವೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಪುಲೇಯಸ್ ಲ್ಯಾಟಿನ್‌ನಲ್ಲಿ ಬರೆದ ಕ್ಯೂಪಿಡ್ ಮತ್ತು ಸೈಕಿಯ ಕಥೆಯಲ್ಲಿ ಗಂಡ ಕತ್ತಲೆಯಲ್ಲಷ್ಟೇ ಬರುತ್ತಾನೆ, ಅವನ ಮುಖ ನೋಡಕೂಡದೆಂಬ ನಿಷೇಧವಿರುತ್ತದೆ, ದೀಪ ಹಿಡಿದು ನೋಡಿದ ಸೈಕಿಯ ಕೈಯಿಂದ ತೊಟ್ಟಿಕ್ಕಿದ ಬಿಸಿ ಎಣ್ಣೆ ಅವನ ಹೆಗಲನ್ನು ಸುಡುತ್ತದೆ. ಅಲ್ಲಿ ಅವಳ ಅಪನಂಬಿಕೆಯ ಗುರುತು ಅವನ ಮೈಮೇಲೆ ಬಿದ್ದರೆ, ಇಲ್ಲಿ ಅವಳ ನಂಬಿಕೆಯ ಗುರುತು ಅವಳದೇ ಅಂಗೈ ಮೇಲೆ ಬೀಳುತ್ತದೆ. ಲೇಖಕಿ ಇದನ್ನು ಉದ್ದೇಶಪೂರ್ವಕವಾಗಿ ಮಗುಚಿದರೋ ಇಲ್ಲವೋ, ಹಳೆಯ ಕಥೆಯನ್ನು ಬಲ್ಲ ಓದುಗರಿಗೆ ಆ ತಿರುವು ತಟ್ಟದೆ ಇರದು. ಹೋಮರನ 'ಒಡಿಸ್ಸಿ'ಯ ಹನ್ನೊಂದನೆಯ ಸರ್ಗದಲ್ಲಿ ಬರುವ ಸತ್ತವರ ನೆರಳುಗಳೂ ಇಲ್ಲಿ ನೆನಪಾಗುತ್ತವೆ: ಒಡಿಸಿಯಸ್ ತೋಡಿದ ಗುಂಡಿಯಲ್ಲಿನ ಬಲಿರಕ್ತವನ್ನು ಕುಡಿದರಷ್ಟೇ ಅವುಗಳಲ್ಲಿ ಹೆಚ್ಚಿನವಕ್ಕೆ ಗುರುತು ಹಿಡಿದು ಮಾತಾಡುವ ಶಕ್ತಿ ಬರುತ್ತದೆ, ಮತ್ತು ತಾಯಿಯ ನೆರಳನ್ನು ಅಪ್ಪಿಕೊಳ್ಳಲು ಅವನು ಮೂರು ಸಲ ಚಾಚಿದ ಕೈಗಳಿಂದ ಮೂರು ಸಲವೂ ಅದು ಜಾರಿಹೋಗುತ್ತದೆ. ಸತ್ತ ಮೇಲೂ ಪ್ರೀತಿಸುವವರ ಕಥೆಗಳಂತೂ ಗ್ರೀಕರಿಗೆ ಹೊಸವಲ್ಲ. ಟ್ರಾಲೀಸ್‌ನ ಫ್ಲೆಗಾನ್ ಎರಡನೆಯ ಶತಮಾನದಲ್ಲಿ ಸಂಗ್ರಹಿಸಿದ ವಿಸ್ಮಯಗಳಲ್ಲಿ ಸತ್ತುಹೋದ ಫಿಲಿನಿಯಾನ್ ಎಂಬ ಯುವತಿ ತನ್ನ ತಂದೆತಾಯಿಯ ಮನೆಗೆ ಬಂದ ಅತಿಥಿಯ ಕೋಣೆಗೆ ರಾತ್ರಿ ಹೊತ್ತು ಬರುತ್ತಾಳೆ, ಉಂಗುರ ವಿನಿಮಯವಾಗುತ್ತದೆ, ತಂದೆತಾಯಿ ಹಠಾತ್ತಾಗಿ ಒಳನುಗ್ಗಿದ ಕೂಡಲೆ ಎರಡನೆಯ ಸಲ ಸಾಯುತ್ತಾಳೆ. ಹದಿನೆಂಟು ಶತಮಾನಗಳ ಹಿಂದಿನ ಈ ಕಥೆಯನ್ನು ಓದಿದವರಿಗೆ ಅತಿಮಾನುಷ ಪ್ರಣಯವು ನಿನ್ನೆ ಮೊನ್ನೆಯ ಮಾರುಕಟ್ಟೆಯ ಸೃಷ್ಟಿ ಎಂಬ ಮಾತು ಒಪ್ಪಿಗೆಯಾಗುವುದು ಕಷ್ಟ.

ಆರ್ಟೆಮಿಸ್ ವಿಷಯದಲ್ಲಿ ಮಾತ್ರ ಸರಣಿ ಪುರಾಣದೊಂದಿಗೆ ನೇರವಾಗಿ ಜಗಳಕ್ಕಿಳಿಯುತ್ತದೆ. ಕ್ರಿ.ಪೂ. 428ರಲ್ಲಿ ರಂಗಕ್ಕೆ ಬಂದ ಯೂರಿಪಿಡೀಸನ 'ಹಿಪ್ಪಾಲಿಟಸ್' ನಾಟಕದ ಕೊನೆಯಲ್ಲಿ, ಬದುಕಿಡೀ ತನ್ನನ್ನೇ ಪೂಜಿಸಿದ ಯುವಕ ಸಾಯುತ್ತಿರುವಾಗ ಆರ್ಟೆಮಿಸ್ ಅವನ ಬಳಿಗೆ ಬರುತ್ತಾಳೆ, ಅವನ ಪರವಾಗಿ ಸೇಡು ತೀರಿಸುವ ಮಾತನ್ನೂ ಕೊಡುತ್ತಾಳೆ, ಆದರೆ ಸಾವನ್ನು ಕಂಡು ಕಣ್ಣು ಮೈಲಿಗೆ ಮಾಡಿಕೊಳ್ಳುವುದು ತನಗೆ ಸಲ್ಲದೆಂದು ಹೇಳಿ ಅವನ ಕೊನೆಯುಸಿರಿಗೆ ಮುಂಚೆ ಹೊರಟುಹೋಗುತ್ತಾಳೆ. ಕೆನ್ಯನ್ ಅವರ ಆರ್ಟೆಮಿಸ್ ಸಾವಿನ ಹೊಸ್ತಿಲಲ್ಲೇ ಅಂಗಡಿ ತೆರೆದು ಕುಳಿತವಳು. ಅಫ್ರೊಡೈಟಿಯ ಹೋಮರಿಕ್ ಸ್ತೋತ್ರ, ಪ್ರೇಮದೇವತೆಯ ಶಕ್ತಿಗೆ ಮಣಿಯದ ಮೂವರಲ್ಲಿ ಅಥೀನಾ ಮತ್ತು ಹೆಸ್ಟಿಯಾ ಜೊತೆಗೆ ಆರ್ಟೆಮಿಸಳನ್ನೂ ಎಣಿಸುತ್ತದೆ. ಸರಣಿಯಲ್ಲಿ ಅವಳಿಗೊಬ್ಬ ಗುಪ್ತ ಪ್ರಿಯಕರನಿದ್ದಾನೆ, ಬೇಟೆಗಾರರ ಪಡೆಯನ್ನು ಅವಳು ಕಟ್ಟಿದ್ದೇ ಅವನನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಲು. ಕನ್ಯತ್ವದ ಕೀರ್ತಿಗೆ ಕಟ್ಟುಬಿದ್ದ ದೇವತೆ ಆ ಕೀರ್ತಿಯನ್ನು ಕಾಯಲು ಪ್ರೀತಿಸಿದವನನ್ನೇ ಬಲಿಕೊಡುತ್ತಾಳೆ ಎಂಬ ಎಳೆ ನಿಜಕ್ಕೂ ಗಂಭೀರ ಕಾದಂಬರಿಯೊಂದನ್ನು ಹೊರಬಲ್ಲದು. ದುರದೃಷ್ಟವಶಾತ್ ಹೆಚ್ಚಿನ ಪುಸ್ತಕಗಳಲ್ಲಿ ಆಕೆ ಸಿಡುಕುವ, ಪೀಡಿಸುವ, ಮಾತೆತ್ತಿದರೆ ಬೆದರಿಸುವ ಹೆಂಗಸಾಗಿಯೇ ಉಳಿಯುತ್ತಾಳೆ. ನಾಯಕರ ಪ್ರತಿಯೊಂದು ಕ್ರೌರ್ಯಕ್ಕೂ ಬಾಲ್ಯದ ಗಾಯವೊಂದನ್ನು ಹುಡುಕಿಕೊಡುವ ಲೇಖಕಿ ಈ ಪಾತ್ರಕ್ಕೆ ಅಷ್ಟು ಕರುಣೆ ತೋರುವುದಿಲ್ಲ.

ಸರಣಿಯ ಅತ್ಯುತ್ತಮ ಪುಸ್ತಕ ನನ್ನ ಲೆಕ್ಕದಲ್ಲಿ 2003ರ 'ಡ್ಯಾನ್ಸ್ ವಿತ್ ದ ಡೆವಿಲ್'. ರೋಮನ್ ಮನೆಯೊಂದರಲ್ಲಿ ಗುಲಾಮನಾಗಿ, ಬೇರೆಯವರ ತಪ್ಪಿಗೆ ಚಾಟಿಯೇಟು ತಿನ್ನುತ್ತ ಬೆಳೆದ ಝಾರೆಕ್, ಬೇಟೆಗಾರನಾದ ಮೇಲೂ ಯಾರಿಗೂ ಬೇಡವಾದವನು. 900 ವರ್ಷಗಳಿಂದ ಅಲಾಸ್ಕಾದಲ್ಲಿ ಗಡಿಪಾರಾಗಿದ್ದಾನೆ. ಬಿಸಿಲು ತಾಗಿದರೆ ಸಾಯುವವನನ್ನು ಬೇಸಿಗೆಯಲ್ಲಿ ಹಗಲು ಮುಗಿಯದಷ್ಟು ಉತ್ತರದ ನೆಲಕ್ಕೆ ಕಳುಹಿಸಿದ್ದಾರೆ. ತಿಂಗಳುಗಟ್ಟಲೆ ಒಂದೇ ಗುಡಿಸಲಿನೊಳಗೆ ಕೂತು ಕಳೆಯಬೇಕಾದ ಆ ಶಿಕ್ಷೆಯ ಕಲ್ಪನೆಯಲ್ಲಿ ಭೂಗೋಳವೇ ಶಾಪವಾಗಿ ಕೆಲಸ ಮಾಡುತ್ತದೆ, ಮತ್ತು ಒಬ್ಬಂಟಿತನದ ಬಗ್ಗೆ ಪುಟಗಟ್ಟಲೆ ಬರೆಯುವ ಅಗತ್ಯ ತಾನಾಗಿ ತಪ್ಪುತ್ತದೆ. ಅವನು ಬದುಕಲು ಅರ್ಹನೋ ಅಲ್ಲವೋ ಎಂಬುದನ್ನು ತೀರ್ಮಾನಿಸಲು ಬರುವವಳು ನ್ಯಾಯದೇವತೆ ಥೆಮಿಸ್‌ಳ ಮಗಳು ಆಸ್ಟ್ರಿಡ್. ವಿಚಾರಣೆಯ ಕಾಲದಲ್ಲಿ ಅವಳಿಗೆ ಕಣ್ಣು ಕಾಣುವುದಿಲ್ಲ. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಹೇಳುವ ವಂಶಾವಳಿಯಲ್ಲಿ ಥೆಮಿಸ್‌ಳ ಹೆಣ್ಣುಮಕ್ಕಳಲ್ಲಿ ನ್ಯಾಯದ ದೇವತೆ ಡಿಕೆಯೂ, ಮೂವರು ವಿಧಿದೇವತೆಗಳೂ ಸೇರಿದ್ದಾರಾದ್ದರಿಂದ ಈ ಪಾತ್ರಕ್ಕೆ ಪುರಾಣದ ನೆಲೆ ಗಟ್ಟಿಯಾಗಿಯೇ ಇದೆ. ಕುರುಡು ಮಾತ್ರ ಗ್ರೀಕರದಲ್ಲ. ನ್ಯಾಯದೇವತೆಯ ಕಣ್ಣಿಗೆ ಪಟ್ಟಿ ಕಟ್ಟುವ ರೂಢಿ ಯುರೋಪಿನ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ. ಆದರೂ ಇಲ್ಲಿ ಅದು ಕಥೆಗೆ ದುಡಿಯುತ್ತದೆ: ಅವನ ಮುಖವನ್ನು ಕಾಣದವಳಿಗೆ ಅವನ ಕಟುಮಾತು ಮಾತ್ರ ಕೇಳಿಸುತ್ತದೆ, ನಡೆಯಲ್ಲಿ ತೋರುವ ಮೃದುತನವನ್ನು ಅವಳು ಬೇರೆ ದಾರಿಗಳಿಂದ ಅರಿಯಬೇಕಾಗುತ್ತದೆ. ಹೊಗಳಿಕೆಯನ್ನು ಹೇಗೆ ಸ್ವೀಕರಿಸಬೇಕೆಂದು ತಿಳಿಯದೆ ಝಾರೆಕ್ ಬೈಗುಳಕ್ಕಿಳಿಯುವ ಪ್ರಸಂಗಗಳಲ್ಲಿ ಕೆನ್ಯನ್ ಅವರ ಸಂಭಾಷಣೆ ಬೇರೆಲ್ಲಿಯೂ ಇಲ್ಲದಷ್ಟು ಹರಿತವಾಗಿದೆ.

2004ರ 'ಕಿಸ್ ಆಫ್ ದ ನೈಟ್' ಎರಡು ಶಾಪಗಳನ್ನು ಎದುರುಬದುರು ನಿಲ್ಲಿಸುತ್ತದೆ. ವುಲ್ಫ್ ಎಂಬ ವೈಕಿಂಗ್‌ನನ್ನು ಕಂಡವರು ಐದು ನಿಮಿಷಗಳಲ್ಲಿ ಮರೆತುಬಿಡುತ್ತಾರೆ, ಅವನ ರಕ್ತಸಂಬಂಧಿಗಳ ಹೊರತು. ಕಸಾಂಡ್ರಾ ಅರ್ಧ ಅಪೊಲೈಟ್, ಅವಳಿಗೆ 27 ತುಂಬಲು ಕೆಲವೇ ತಿಂಗಳು ಉಳಿದಿವೆ. ಯಾರ ನೆನಪಿನಲ್ಲೂ ಉಳಿಯದವನಿಗೆ ತನ್ನನ್ನು ನೆನಪಿಟ್ಟುಕೊಳ್ಳುವ ಹೆಣ್ಣು ಸಿಗುತ್ತಾಳೆ, ಆದರೆ ಅವಳೇ ಉಳಿಯುವಂತಿಲ್ಲ. ಬೇಟೆಗಾರ ದಿನನಿತ್ಯ ಕೊಲ್ಲುವ ಜನಾಂಗದ ಮನೆಗಳೊಳಗೆ ಓದುಗರನ್ನು ಕರೆದೊಯ್ಯುವುದೂ ಈ ಪುಸ್ತಕವೇ. ಯಾರೋ ಪೂರ್ವಜೆಯ ಅಪರಾಧಕ್ಕಾಗಿ ಇಪ್ಪತ್ತೇಳಕ್ಕೆ ಕೊಳೆಯಬೇಕಾದ ಯುವಕನೊಬ್ಬ ಆತ್ಮ ಕದಿಯಲು ಹೊರಟರೆ ಅವನನ್ನು ಎಷ್ಟರಮಟ್ಟಿಗೆ ದೂಷಿಸಬಹುದು ಎಂಬ ಪ್ರಶ್ನೆ ಇಲ್ಲಿ ಮೊದಲ ಬಾರಿಗೆ ಗಂಭೀರವಾಗಿ ಎದ್ದುಬರುತ್ತದೆ. ಮುಂದಿನ ಪುಸ್ತಕಗಳು ಆ ಪ್ರಶ್ನೆಯನ್ನು ಆಗಾಗ ಮುಟ್ಟಿ ನೋಡುತ್ತವೆ, ಬಗೆಹರಿಸುವ ಧೈರ್ಯ ಮಾತ್ರ ಮಾಡುವುದಿಲ್ಲ.

ಆನಂತರ ಸರಣಿ ಹಿಗ್ಗುತ್ತ ಹೋಗಿ ತೆಳುವಾಗುತ್ತದೆ. ಅರ್ಕೇಡಿಯಾದ ರಾಜ ಲೈಕಾನ್ ತೋಳವಾದ ಪುರಾಣದ ಎಳೆಯಿಂದ ಹುಟ್ಟಿದ ರೂಪಾಂತರಿಗಳ ಶಾಖೆ ಒಂದು, ದೇವತೆಗಳ ರಾಜ ಜ್ಯೂಸ್‌ನ ಶಾಪದಿಂದ ಭಾವನೆಗಳನ್ನೇ ಕಳೆದುಕೊಂಡ ಕನಸಿನ ದೇವತೆಗಳ ಶಾಖೆ ಇನ್ನೊಂದು. ಎರಡನೆಯದರ ಮೂಲ ಕಲ್ಪನೆ ಚೆಲುವಾಗಿದೆ: ಮನುಷ್ಯರ ಕನಸುಗಳೊಳಗೆ ಹೊಕ್ಕರಷ್ಟೇ ಭಾವನೆಯ ರುಚಿ ಸಿಗುವ ದೇವತೆಗಳು ಆ ರುಚಿಗೆ ದಾಸರಾಗುತ್ತಾರೆ. ಇವುಗಳ ಜೊತೆಗೆ ಸುಮೇರಿಯಾ, ಉತ್ತರ ಯುರೋಪು, ಕಡಲಲ್ಲಿ ಮುಳುಗಿತೆನ್ನುವ ಕಥೆಯ ದ್ವೀಪ ಅಟ್ಲಾಂಟಿಸ್ ಹೀಗೆ ಒಂದೊಂದು ದೇವಲೋಕವೂ ಬಂದು ಸೇರಿಕೊಂಡಂತೆ ಯಾರ ಶಾಪ ಯಾರ ಮೇಲೆ ನಡೆಯುತ್ತದೆ, ಯಾರ ವರ ಯಾರ ಶಾಪವನ್ನು ಮೀರುತ್ತದೆ ಎಂಬ ಲೆಕ್ಕ ಕೈತಪ್ಪುತ್ತದೆ. ಸತ್ತವರು ಮರಳಿ ಬರುವ ಪ್ರಸಂಗಗಳು ಹೆಚ್ಚುತ್ತವೆ. 'ನೈಟ್ ಪ್ಲೆಶರ್ಸ್'ನಲ್ಲಿ ಒಂದು ಪ್ರಾಣ ಮರಳಿ ಬರಲು ಅಂಗೈ ಸುಟ್ಟುಕೊಳ್ಳಬೇಕಿತ್ತು. ಇಲ್ಲಿ ಬೇಟೆಗಾರರ ನಾಯಕನಿಗೆ ಮನಸ್ಸು ಬಂದರೆ ಸಾಕಾಗುತ್ತದೆ. ಇಷ್ಟಕ್ಕೂ ಗ್ರೀಕ್ ದೇವತೆಗಳು ಒಬ್ಬರ ಕೃತ್ಯವನ್ನು ಇನ್ನೊಬ್ಬರು ಅಷ್ಟು ಸುಲಭವಾಗಿ ಅಳಿಸುವವರಲ್ಲ, ಹಿಪ್ಪಾಲಿಟಸನನ್ನು ಉಳಿಸಲಾರದ ಆರ್ಟೆಮಿಸ್ ಆ ನಾಟಕದಲ್ಲಿ ಇದನ್ನೇ ದೇವತೆಗಳ ನಿಯಮವೆಂದು ಹೇಳುತ್ತಾಳೆ. ಅಪೊಲೊ ಮತ್ತು ಸೂರ್ಯ ಒಂದೇ ಎಂಬಂತೆ ಸರಣಿ ನಡೆದುಕೊಳ್ಳುವುದನ್ನು ತಪ್ಪೆನ್ನಲು ಬಾರದು. ಹೋಮರನಲ್ಲಿ ಸೂರ್ಯನಾದ ಹೀಲಿಯಸ್ ಬೇರೆ ದೇವತೆಯಾದರೂ ನಂತರದ ಶತಮಾನಗಳಲ್ಲಿ ಗ್ರೀಕರೇ ಇಬ್ಬರನ್ನೂ ಬೆರೆಸಿದ್ದಾರೆ. ಪುರಾಣವನ್ನು ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ತಾವೇ ಕಟ್ಟಿದ ನಿಯಮವನ್ನು ತಾವೇ ಸಡಿಲಿಸಿದ್ದಕ್ಕೆ ಇದೆ.

ಆ ನಾಯಕನ ಹೆಸರನ್ನೇ ಹೊತ್ತ 'ಅಕೆರಾನ್' 2008ರಲ್ಲಿ ಬಂದಿತು. ಸುಮಾರು 11,000 ವರ್ಷ ವಯಸ್ಸಿನ, ಎಲ್ಲ ಪುಸ್ತಕಗಳ ಅಂಚಿನಲ್ಲೂ ಸುಳಿದಾಡಿದ ಈತ ಅಟ್ಲಾಂಟಿಸ್‌ನ ವಿನಾಶದೇವತೆಯ ಮಗ; ಕೊಲೆಯಿಂದ ತಪ್ಪಿಸಲು ತಾಯಿ ಅವನನ್ನು ಮನುಷ್ಯ ರಾಣಿಯೊಬ್ಬಳ ಗರ್ಭದಲ್ಲಿ ಅಡಗಿಸಿಟ್ಟಿದ್ದಳು. ಪ್ಲೇಟೊ ತನ್ನ 'ಟಿಮೇಯಸ್' ಮತ್ತು 'ಕ್ರಿಟಿಯಾಸ್' ಸಂವಾದಗಳಲ್ಲಿ ಅಟ್ಲಾಂಟಿಸ್‌ನ ಕಾಲವನ್ನು ಕ್ರಿ.ಪೂ. ಆರನೆಯ ಶತಮಾನದ ಅಥೆನ್ಸಿನ ಶಾಸನಕಾರ ಸೋಲನ್‌ಗಿಂತ 9,000 ವರ್ಷ ಹಿಂದಕ್ಕೆ ಇಡುವುದರಿಂದ ಈ ವಯಸ್ಸು ಹೆಚ್ಚುಕಡಿಮೆ ತಾಳೆಯಾಗುತ್ತದೆ, ಲೇಖಕಿ ಪೂರ್ವಸಿದ್ಧತೆ ಮಾಡಿಕೊಂಡೇ ಬರೆದಿದ್ದಾರೆ. ಏಳುನೂರು ಪುಟಗಳನ್ನು ದಾಟುವ ಈ ಕೃತಿ ಎರಡು ಹೋಳಾಗಿದೆ. ಮೊದಲನೆಯದು ಪ್ರಾಚೀನ ಕಾಲದಲ್ಲಿ ನಡೆಯುತ್ತದೆ, ಅದರ ಬಹುಭಾಗವನ್ನು ಅಕ್ಕ ರಿಸ್ಸಾಳ ಬರಹದ ಮೂಲಕ ತಿಳಿಯುತ್ತೇವೆ. ಬಾಲಕನೊಬ್ಬನ ಮೇಲೆ ಬಂಧುಗಳೇ ನಡೆಸುವ ಲೈಂಗಿಕ ದೌರ್ಜನ್ಯ, ಮಾರಾಟ ಮತ್ತು ಹಿಂಸೆಗಳ ವಿವರಗಳು ಇಲ್ಲಿ ಪುಟಗಟ್ಟಲೆ ಇವೆ, ಅವನ್ನು ತಾಳಲಾರದವರು ಮುಟ್ಟದಿರುವುದೇ ಒಳ್ಳೆಯದು. ಅಸಹಾಯಕಳಾಗಿ ನೋಡುವ ಅಕ್ಕನ ದನಿ ಮೊದಮೊದಲು ಆ ಕ್ರೌರ್ಯಕ್ಕೆ ಒಂದು ಅಳತೆಯನ್ನು ಒದಗಿಸುತ್ತದೆ, ಆದರೆ ಒಂದರ ಮೇಲೊಂದು ಏಟು ಬೀಳುತ್ತ ಹೋದಂತೆ ಓದುಗರ ಮನಸ್ಸು ಮರಗಟ್ಟುತ್ತದೆ. ಎರಡನೆಯ ಹೋಳು ಈಗಿನ ಕಾಲದ್ದು: ಅಟ್ಲಾಂಟಿಸ್ ಹುಡುಕುವ ಪುರಾತತ್ವ ಸಂಶೋಧಕಿ ಟೋರಿ ಮತ್ತು ತನ್ನ ಗತಕಾಲ ಎಂದೂ ಬೆಳಕಿಗೆ ಬರಬಾರದೆಂದು ಬಯಸುವ ಅಕೆರಾನ್ ನಡುವಿನ ಜಗಳ ಮತ್ತು ಪ್ರೀತಿ. ಒಬ್ಬಳ ವಿದ್ಯೆಯೇ ಇನ್ನೊಬ್ಬನ ಅವಮಾನವನ್ನು ಅಗೆದು ತೆಗೆಯುವಂತಿರುವುದರಿಂದ ಈ ಜೋಡಿಯ ಸಂಘರ್ಷಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸರಣಿಯ ಬೇರೆ ಎಷ್ಟೋ ಜೋಡಿಗಳು ಒಂದು ಮಾತಿನಲ್ಲಿ ಬಗೆಹರಿಯುವ ತಪ್ಪು ತಿಳುವಳಿಕೆಗಾಗಿ ನೂರು ಪುಟ ಮುನಿಸಿಕೊಳ್ಳುವುದನ್ನು ಕಂಡವರಿಗೆ ಇದು ದೊಡ್ಡ ಸಮಾಧಾನ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ವಾಕ್ಯಗಳು ಚಿಕ್ಕವು, ಹಾಸ್ಯ ಧಾರಾಳ, ಟಿವಿ ಮತ್ತು ಸಿನಿಮಾಗಳ ಉಲ್ಲೇಖಗಳಲ್ಲಿ ಹಲವು ಈಗಲೇ ಹಳಸಿವೆ. ಅಕೆರಾನ್‌ನ ಜೊತೆಗಿರುವ, ಸಿಕ್ಕಿದ್ದಕ್ಕೆಲ್ಲ ಬಾರ್ಬೆಕ್ಯೂ ಸಾಸ್ ಸುರಿದುಕೊಂಡು ತಿನ್ನಲು ಹವಣಿಸುವ ಸಿಮಿ ಎಂಬ ಪುಟ್ಟ ರಾಕ್ಷಸಿ ಮಾತ್ರ ಬಂದಾಗಲೆಲ್ಲ ನಗಿಸುತ್ತಾಳೆ. ಶೃಂಗಾರದ ವರ್ಣನೆಗಳು ಮುಚ್ಚುಮರೆಯಿಲ್ಲದವು, ವಯಸ್ಕರಿಗೇ ಮೀಸಲಾದವು. ನಾಲ್ಕೈದು ಪುಸ್ತಕಗಳ ನಂತರ ಅವುಗಳ ಕ್ರಮ, ಪದ ಮತ್ತು ನಿಟ್ಟುಸಿರುಗಳು ಎಷ್ಟು ಒಂದೇ ತೆರನಾಗಿ ಕಾಣುತ್ತವೆ ಎಂದರೆ ಪುಟ ಹಾರಿಸಿದರೂ ಕಥೆಗೆ ಕುಂದಾಗುವುದಿಲ್ಲ. ಹೆಣ್ಣು ಬೇಟೆಗಾರರೂ ಇದ್ದಾರೆಂದು ಸರಣಿ ಮತ್ತೆ ಮತ್ತೆ ಹೇಳುತ್ತದೆ, ಆದರೆ ಕಥೆಯ ಕೇಂದ್ರಕ್ಕೆ ಬಂದವರು ವಿರಳ. 2005ರ 'ಸಿನ್ಸ್ ಆಫ್ ದ ನೈಟ್'ನಲ್ಲಿ ಬರುವ, ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಸತ್ತ ಡೇಂಜರ್ ಅಂಥವಳು. ಸೇಡಿಗಾಗಿ ಆತ್ಮವನ್ನು ಮಾರಿಕೊಂಡ ಹೆಂಗಸೊಬ್ಬಳು ಶತಮಾನಗಳನ್ನು ಹೇಗೆ ಕಳೆಯುತ್ತಾಳೆ ಎಂಬುದನ್ನು ಅರಿಯುವ ಕುತೂಹಲ ಕೆರಳುವ ಹೊತ್ತಿಗೆ ಕಥೆ ಗಂಡಸಿನ ಗಾಯದ ಕಡೆಗೆ ತಿರುಗುತ್ತದೆ.

ಹೊಸದಾಗಿ ಓದುವವರು 2002ರ ಆರಂಭದಲ್ಲಿ ಬಂದ 'ಫ್ಯಾಂಟಸಿ ಲವರ್'ನಿಂದ ತೊಡಗುವ ಅಗತ್ಯವಿಲ್ಲ. ಪುಸ್ತಕವೊಂದರೊಳಗೆ ಬಂಧಿಯಾದ ಅಫ್ರೊಡೈಟಿಯ ಮಗನ ಆ ಕಥೆಯಲ್ಲಿ ಬೇಟೆಗಾರರ ಕರಾರಿಗೆ ಪಾತ್ರವೇ ಇಲ್ಲ. 'ನೈಟ್ ಪ್ಲೆಶರ್ಸ್', 'ಡ್ಯಾನ್ಸ್ ವಿತ್ ದ ಡೆವಿಲ್', 'ಕಿಸ್ ಆಫ್ ದ ನೈಟ್' ಈ ಮೂರನ್ನು ಇದೇ ಕ್ರಮದಲ್ಲಿ ಓದಿದರೆ ಸರಣಿಯ ಸಾರ ಕೈಗೆ ಸಿಕ್ಕಿದಂತೆ. ಕನಸಿನ ದೇವತೆಗಳ ಶಾಖೆಗೆ 2007ರ 'ದ ಡ್ರೀಮ್ ಹಂಟರ್' ಒಂದನ್ನು ನೋಡಿ ಮುಂದೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಅಕೆರಾನ್‌ನ ಗುಟ್ಟುಗಳು ಹಿಂದಿನ ಪುಸ್ತಕಗಳಲ್ಲಿ ಹನಿಹನಿಯಾಗಿ ಹೊರಬೀಳುವುದರಿಂದ ಅವನ ಪುಸ್ತಕವನ್ನು ಮೊದಲೇ ಓದಿಬಿಟ್ಟರೆ ಉಳಿದವುಗಳ ಸ್ವಾರಸ್ಯ ಹೋಗುತ್ತದೆ, ಆದಕಾರಣ ಅದನ್ನು ತಡವಾಗಿ ಎತ್ತಿಕೊಳ್ಳುವುದು ಲೇಸು. ಅವನ ಅವಳಿ ಸೋದರನ ಕಥೆಯಾದ, 2013ರಲ್ಲಿ ಬಂದ 'ಸ್ಟಿಕ್ಸ್' ಅದೇ ಪ್ರಾಚೀನ ಘಟನೆಗಳನ್ನು ಎದುರು ಪಕ್ಷದಿಂದ ಮತ್ತೊಮ್ಮೆ ಹೇಳುವ ಇನ್ನೂ ದಪ್ಪದ ಪುಸ್ತಕ. 'ಅಕೆರಾನ್' ಓದುವಾಗ ಆ ಅವಳಿಯನ್ನು ಮನಸಾರೆ ದ್ವೇಷಿಸಿದವರಿಗಾಗಿಯೇ ಅದನ್ನು ಬರೆದಂತಿದೆ, ಅವರಿಗೆ ಮಾತ್ರ ಅದನ್ನು ಶಿಫಾರಸು ಮಾಡಬಲ್ಲೆ.